ನೋಯದ ಹಿಮ್ಮಡಿ

ಮಾರ್ಗಳಿ ತಿಂಗಳ ಚಳಿ ಬಿತ್ತೆಂದರೆ ಕೊಯಮತ್ತೂರು ಹತ್ತಿರದ ಸೋಮನೂರಿನ ನೇಕಾರರ ಬೀದಿಗೆಲ್ಲ ಲಿಂಗಪ್ಪನ್‌ನ ಬೊಬ್ಬೆ ಕೇಳುತ್ತಿತ್ತು. ಕರೆಂಟು ಮಗ್ಗದ ಮುಂದೆ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತೇ ದುಡಿಯುವವನ ಹಿಮ್ಮಡಿ ಒಡೆದು ಬಾಯಿ ಬಿಡದೆ ಇರುತ್ತದೆಯೇ? ಹೆಂಡತಿ ರುಕ್ಮಣಿ ಮೇಣದಬತ್ತಿ ಕರಗಿಸಿ, ತೆಂಗಿನೆಣ್ಣೆ ಬೆರೆಸಿ, ಬಿಸಿಬಿಸಿಯಾಗೇ ಬಿರುಕಿಗೆ ಬಿಡುವಳು. "ಅಯ್ಯಯ್ಯೋ, ಕೊಂದಳಪ್ಪಾ!" ಎಂದು ಅವನು ಕುಣಿದಾಡುವನು. ಪಕ್ಕದ ಮನೆ ಸೆಲ್ಲಮ್ಮ ಬಾಗಿಲಲ್ಲಿ ನಿಂತು, "ಇದೊಂದು ಗಂಡಸಾ!" ಎಂದು ನಗುವಳು.

ಎಂಬತ್ತಾರನೇ ಇಸವಿಯ ಮಾರ್ಗಳಿಯಲ್ಲಿ ಮಾತ್ರ ಅವನು ಕೂಗಲಿಲ್ಲ. ಅವಳು ಮೇಣ ಬಿಡುತ್ತಿದ್ದರೆ ಬೀಡಿ ಸೇದುತ್ತಾ ಆರಾಮಾಗಿ ಕೂತಿದ್ದ. ರುಕ್ಮಣಿಗೆ ಹೇಳತೀರದ ಖುಷಿ. ಈ ಸಲ ಅರಿಶಿನವನ್ನೂ ಸೇರಿಸಿದ್ದಳಲ್ಲ, ತನ್ನ ಮದ್ದು ಹಿಡಿಯಿತು ಅಂದುಕೊಂಡಳು. ಬೀದಿಯಲ್ಲೆಲ್ಲ ಹೇಳಿಕೊಂಡೂ ಬಂದಳು, ಪಾಪ.

ಆದರೆ ಬಿರುಕು ಕೂಡಿಕೊಳ್ಳಲಿಲ್ಲ. ಪೊಂಗಲ್ ಕಳೆದ ಮೇಲೆ ಹಿಮ್ಮಡಿ ನಾತ ಹೊಡೆಯತೊಡಗಿತು. ಕೊಯಮತ್ತೂರಿಗೆ ಕರೆದುಕೊಂಡು ಹೋದಳು. ಡಾಕ್ಟರು ಪಾದಕ್ಕೆ ಸೂಜಿ ಚುಚ್ಚಿದರು, ಚುಚ್ಚಿದರು. ಲಿಂಗಪ್ಪನ್ ಕಿಟಕಿ ಕಡೆ ನೋಡುತ್ತಾ ಕೂತೇ ಇದ್ದ. ಡಾಕ್ಟರು ರುಕ್ಮಣಿಯತ್ತ ತಿರುಗಿ ತಮಿಳಿನಲ್ಲಿ ಬಿಡಿಸಿ ಹೇಳಿದರು: ಸಕ್ಕರೆ ಕಾಯಿಲೆ ವಿಪರೀತ ಏರಿದೆ, ಪಾದ ಮರಗಟ್ಟಿದೆ, ಬೆಂಕಿ ಬಿದ್ದರೂ ಇವನಿಗೆ ತಿಳಿಯದು. ಮೇಣ ಗೀಣ ಮುಟ್ಟಲೇಬಾರದು. ಚಪ್ಪಲಿ ಇಲ್ಲದೆ ಒಂದು ಹೆಜ್ಜೆಯೂ ಇಡಬಾರದು. ಮತ್ತೆ ಗಾಯವಾದರೆ ಕಾಲೇ ತೆಗೆಯಬೇಕಾದೀತು.

ಅಂದರೆ ಇಷ್ಟು ದಿನ ತಾನು ಅವನನ್ನು ಸುಡುತ್ತಿದ್ದೆನೇ! ಬಸ್ಸಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಗಾಯ ಒಣಗಿದ ಮೇಲೆ ಹೊಸ ಚಪ್ಪಲಿ ಬಂತು. ಅವನೋ, ಮಗ್ಗದ ಶೆಡ್ಡಿನ ಹೊಸ್ತಿಲಲ್ಲೇ ಅದನ್ನು ಕಳಚಿಟ್ಟ. "ನಮ್ಮ ಕುಲದೇವಿ ಚೌಡಮ್ಮ ಇರೋ ಜಾಗ ಕಣೇ. ನಮ್ಮಪ್ಪ, ನಮ್ಮ ತಾತ, ಯಾರಾದರೂ ಮಗ್ಗದ ಹತ್ತಿರ ಸೆರುಪ್ಪು ಹಾಕಿದ್ದುಂಟಾ?"

"ನಿಮ್ಮ ಕಾಲು ಹೋದರೆ ಚೌಡಮ್ಮ ಬಂದು ಮಗ್ಗ ಓಡಿಸ್ತಾಳಾ?" ಅಂದುಬಿಟ್ಟಳು ರುಕ್ಮಣಿ. ಮರುಕ್ಷಣವೇ ಕೆನ್ನೆ ಕೆನ್ನೆ ಬಡಿದುಕೊಂಡಳು.

ಬೈದಳು, ಬೇಡಿದಳು, ಊಟ ಬಿಟ್ಟಳು. ಎಮ್ಮೆ ಮೇಲೆ ಮಳೆ ಸುರಿದ ಹಾಗಾಯಿತು. ಕೊನೆಗೊಂದು ಬೆಳಿಗ್ಗೆ ತಾನೇ ಶೆಡ್ಡಿಗೆ ನುಗ್ಗಿ, ಎಲ್ಲರೆದುರು ಮಗ್ಗಕ್ಕೆ ಅಡ್ಡಬಿದ್ದು, "ತಾಯೀ, ತಪ್ಪಿದ್ದರೆ ನನ್ನ ತಲೆ ಮೇಲಿರಲಿ" ಎಂದು ಅವನ ಕಾಲಿಗೆ ಚಪ್ಪಲಿ ತೊಡಿಸಿದಳು. ಅವನು ಕಣ್ಣೊರೆಸಿಕೊಂಡು ಮಗ್ಗದ ಮುಂದೆ ಹಾಗೇ ನಿಂತ. ಅಬ್ಬಾ, ಕಾಲು ಉಳಿಯಿತು ಅಂದುಕೊಂಡು ರುಕ್ಮಣಿ ಮನೆಗೆ ಬಂದು ಹೊಟ್ಟೆ ತುಂಬ ಉಂಡಳು.

ಸಾಯಂಕಾಲ ಅವನು ಟೀ ಕುಡಿದು, ಬೀದಿ ಸುತ್ತಿ, ನಗುನಗುತ್ತಾ ಬಂದ. "ನೋಡೇ, ದಿನವೆಲ್ಲ ಬಿಚ್ಚಿಲ್ಲ. ಈಗ ಸಮಾಧಾನವಾಯಿತಾ ನಿನಗೆ?"

ಎಡಗಾಲಲ್ಲಿ ಚಪ್ಪಲಿ ಇತ್ತು. ಬಲಗಾಲು ಬರಿದು. ಹಿಮ್ಮಡಿಯಲ್ಲಿ ರಕ್ತಕ್ಕೆ ಮಣ್ಣು ಮೆತ್ತಿಕೊಂಡಿತ್ತು.

ರುಕ್ಮಣಿ ಬಾಗಿಲಿಗೆ ಓಡಿಬಂದಳು. "ಏನುಂಗ, ಇನ್ನೊಂದು ಎಲ್ಲಿ?"

"ಇನ್ನೊಂದಾ?" ಅವನು ಕೆಳಗೆ ನೋಡಿದ. ನೋಡುತ್ತಲೇ ಇದ್ದ. ಮೆಲ್ಲನೆ ಕೈ ಚಾಚಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಈಗಲೂ ಹಾಕಿಕೊಂಡ ಹಾಗೇ ಇದೆಯಲ್ಲೇ, ರುಕ್ಮಣಿ."