ಧರ್ಮನ ತೋಳಿನ ಮೆಣಸಿನ ಬಳ್ಳಿ

“ಅಂಗಿ ಬಿಚ್ಚೋ ಬೋಳಿಮಗನೆ! ಹಾವು ಹುಯ್ಸ್ಕಂಡವ್ನೆ ಹಾವು! ರೌಡಿ ಅಲ್ದೆ ಇನ್ಯಾವನ್ಲಾ ಮೈಮ್ಯಾಲೆ ಹಾವಿನ್ ಹಚ್ಚೆ ಹುಯ್ಸ್ಕಳ್ಳೋನು?”

“ಹಾವಲ್ಲ ಸಾ, ಮೆಣಸಿನ್ ಬಳ್ಳಿ.”

ಧರ್ಮ ಕೆಟ್ಟಿದ್ದೇ ಇಲ್ಲಿ. ಹಾವು ಅಂತ ಒಪ್ಪಿಕೊಂಡಿದ್ದರೆ ಎರಡೇಟು ತಿಂದು ಮನೆ ಸೇರುತ್ತಿದ್ದನೋ ಏನೋ. ವನಗೂರಿನ ಮೇಲಿನ ಎಸ್ಟೇಟಿನ ಕಣದಲ್ಲಿ ಒಣಹಾಕಿದ್ದ ಕಾಳುಮೆಣಸು ಕಳುವಾಗಿತ್ತು. ಕ್ಯಾಮೆರಾಕ್ಕೆ ಸಿಕ್ಕಿದ್ದು ಒಂದು ಕೈ ಮಾತ್ರ; ಅದರ ಮೇಲೆ ಕಪ್ಪಗೆ ಏನೋ ಇತ್ತು. ಹಚ್ಚೆಯೋ, ಜೀಪಿನ ಗ್ರೀಸೋ, ದೇವರೇ ಬಲ್ಲ. ಎಸ್ಐ ಸಾಹೇಬರ ಕಣ್ಣಿಗೆ ಹಚ್ಚೆಯಾಗಿ ಕಂಡಿತು, ಕೂಲಿಯವರ ಲೈನ್‌ಮನೆಗಳಿಗೆ ಜೀಪು ಬಂತು, ಧರ್ಮ ಠಾಣೆ ಸೇರಿದ.

“ಮೆಣಸಿನ ಬಳ್ಳಿಯಾ!” ಸಾಹೇಬರು ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟರು. “ನೋಡ್ರೀ ಪುಟ್ಟಸ್ವಾಮಿ, ಕದ್ದ ಮಾಲ್ನ ಮೈಮೇಲೇ ಬರ್ಸ್ಕಂಡವ್ನೆ!”

ಕಾನ್‌ಸ್ಟೇಬಲ್ ಪುಟ್ಟಸ್ವಾಮಿ ನಗಬೇಕಾದಷ್ಟು ನಕ್ಕ.

ಒಂಟಿ ಬಿದಿರಿನ ಏಣಿ ಹತ್ತಿ ಮೆಣಸು ಕುಯ್ಯುವುದು ಧರ್ಮನ ಕಸುಬು. ತೋಟದ ಬಳ್ಳಿಯೆಲ್ಲ ಧಣಿಗಳದು, ಒಂದು ಬಳ್ಳಿಯಾದರೂ ನನ್ನದಾಗಿರಲಿ ಎಂದು ಬಾಳ್ಳುಪೇಟೆಯ ಹಚ್ಚೆ ಅಂಗಡಿಯಲ್ಲಿ ಮಣಿಕಟ್ಟಿನಿಂದ ಭುಜದವರೆಗೆ ಹಬ್ಬಿಸಿಕೊಂಡಿದ್ದ. ಚುಚ್ಚಿದವನು ಜನ್ಮದಲ್ಲಿ ಮೆಣಸಿನ ಬಳ್ಳಿ ನೋಡಿರಲಿಲ್ಲ. ಎಲೆ ಹೋಗಿ ಹೆಡೆಯಾಯಿತು. ಲೈನಿನವರೆಲ್ಲ ನಕ್ಕರೂ ಧರ್ಮನಿಗೆ ಅದರ ಮೇಲೆ ಪ್ರಾಣ.

ಅಷ್ಟರಲ್ಲಿ ಎಸ್ಟೇಟಿನ ಧಣಿಗಳ ಮಗ ಅಭಿಷೇಕ್ ಬಂದ. ಅವನಿಗೆ ಕುರ್ಚಿ ಬಂತು, ಕಾಫಿ ಬಂತು. ತೋಳಿಲ್ಲದ ಬನಿಯನ್ ತೊಟ್ಟಿದ್ದ. ಭುಜದಿಂದ ಮಣಿಕಟ್ಟಿನವರೆಗೆ ಒಂದು ಹುಲಿ ಬಾಯಿ ತೆರೆದು ಮಲಗಿತ್ತು.

“ಕುಯ್ಲು ನಡೀತಿದೆ ಸರ್, ಇವನನ್ನು ಬಿಟ್ಟುಬಿಡಿ. ಆದ್ರೆ ಆ ಹಚ್ಚೆ ಬೇಡ. ಹೋಂಸ್ಟೇಗೆ ಬರೋ ಗೆಸ್ಟುಗಳು ಹೆದರ್ಕೋತಾರೆ.”

“ಕೇಳುಸ್ತೇನ್ಲಾ? ಅಳಿಸ್ಬುಟ್ರೆ ಬಿಡ್ತೀನಿ, ಇಲ್ಲ ಅಂದ್ರೆ ಕೇಸು. ಪುಟ್ಟಸ್ವಾಮಿ, ಇಟ್ಟಿಗೆ ಚೂರು ತಗಂಬನ್ನಿ.”

“ಬ್ಯಾಡಿ ಸಾ! ಅದೊಂದೇ ಸಾ ನಂದು ಅಂತ ಇರೋದು!”

ಪುಟ್ಟಸ್ವಾಮಿಯ ಕೈಯ ಇಟ್ಟಿಗೆ ತೋಳಿನ ಮೇಲೆ ಓಡಿತು. ಧರ್ಮ ಹಲ್ಲು ಕಚ್ಚಿದ. ಕೆಳಗಿನ ಎರಡು ಎಲೆ ರಕ್ತವಾದವು.

ಬಾಗಿಲಲ್ಲಿ ಬೆಳಗಿನಿಂದ ಕೂತಿದ್ದ ಅವನ ತಾಯಿ ಚೌಡಮ್ಮ ಎದ್ದು ನೇರ ಒಳಗೆ ಬಂದಳು. ಅವಳ ಎರಡೂ ಕೈ ಮೊಣಕೈವರೆಗೆ ಹಸಿರು ಹಚ್ಚೆ.

“ಇದ್ನ ಹುಯ್ಸಿದ್ದು ನಮ್ಮವ್ವ. ಸತ್ತಾಗ ಜೊತೇಲಿ ಬರೋದು ಇದೊಂದೇ ಅಂತಿದ್ಲು. ನಾನೂ ಕಳ್ಳೀನಾ ಸಾಮಿ?”

“ಆಚೆ ಹೋಗಮ್ಮ!”

ಅವಳು ಅಭಿಷೇಕನ ತೋಳಿನತ್ತ ಬಗ್ಗಿದಳು. “ಸಣ್ಣಯ್ಯ, ನಿಮ್ ಕೈಮ್ಯಾಲೆ ಏನದು, ಬೆಕ್ಕಾ?”

“ಹುಲಿ!”

“ಅದು ಟ್ಯಾಟೂ ಕಣಮ್ಮ,” ಎಂದರು ಸಾಹೇಬರು. “ದುಡ್ಡು ಕೊಟ್ಟು ಹಾಕ್ಸಿರೋದು.”

“ನನ್ ಮಗ ಏನ್ ಕಡ ಹೇಳಿ ಹುಯ್ಸ್ಕಂಡು ಬಂದವ್ನಾ?”

ಪುಟ್ಟಸ್ವಾಮಿಗೆ ಈ ಸಲ ನಿಜವಾಗಿಯೂ ನಗು ಬಂತು. ಅದನ್ನು ತಡೆಯುವ ಅವಸರದಲ್ಲಿ ಅವನ ಹಿಡಿತ ಸಡಿಲಾಯಿತು, ಇಟ್ಟಿಗೆ ಚೂರು ಚೌಡಮ್ಮನ ಕೈ ಸೇರಿತು. ಹೊಟ್ಟೆಪಾಡಿಗೆ ಅರವತ್ತು ವರ್ಷ ಮಣ್ಣು ಕೆದಕಿದ ಕೈ ಅದು. ಅಭಿಷೇಕನ ಮಣಿಕಟ್ಟು ಹಿಡಿಯಿತು; ಹಿಡಿದರೆ ಬಿಡುವಂಥದ್ದಲ್ಲ. ಕಾಫಿ ಲೋಟ ಉರುಳಿತು. ಅವಳು ಹುಲಿಯ ಬಾಲದಿಂದ ಶುರುಮಾಡಿ ಒಂದು ಸಲ ಉಜ್ಜಿದಳು. ಅಭಿಷೇಕ್ ಅವ್ವಾ ಎಂದು ಕಿರುಚಿಕೊಂಡ. ತೋಳಿನ ನೋವಿನಲ್ಲೂ ಧರ್ಮನಿಗೆ ಹೊಟ್ಟೆ ತಣ್ಣಗಾಯಿತು.

“ಬುಡಮ್ಮೋ! ಬುಡೇ!” ಸಾಹೇಬರು ಮೇಜು ಸುತ್ತಿ ಓಡಿಬಂದರು. “ಮನುಷ್ಯರ ಚರ್ಮ ಕಣೇ ಅದು, ಕಿತ್ತೋಯ್ತದೆ!”

“ಹಂಗಾ ಸಾಮಿ?” ಎಂದಳು ಚೌಡಮ್ಮ. ಮತ್ತೆ ಉಜ್ಜಿದಳು.