ಹಸೀದು

"ನೋಡ್ರವ್ವಾ, ನೋಡಿ. ಪ್ರಸಾದ ಅಂದ್ರೆ ಅದುಕ್ಕೂ ಗೊತ್ತಾಗ್ತದೆ" ಎನ್ನುತ್ತ ಬಸವಲಿಂಗಮ್ಮ ಕೋಸಂಬರಿ ಹಾಕಿದ ಮುತ್ತುಗದ ಎಲೆಯನ್ನು ಗೂಡಿನೊಳಗೆ ತಳ್ಳಿದರು. ಹಿತ್ತಲಲ್ಲಿ ನಿಂತಿದ್ದ ಪಕ್ಕದ ಮನೆಯ ತಿಪ್ಪಯ್ಯ ಮತ್ತು ಅವನ ಹೆಂಡತಿ ಬಗ್ಗಿ ನೋಡಿದರು. ಉದ್ದ ಮೈಯ, ಗಿಡ್ಡ ಕಾಲಿನ, ಕೆಂಪು ಕಣ್ಣಿನ ಬಿಳಿ ಪ್ರಾಣಿ ಎಲೆಯ ಅಂಚನ್ನು ಮೂಸಿತು. ನೆನೆಸಿದ ಹೆಸರುಬೇಳೆಯ ಮೇಲೆ ಮೂತಿ ಆಡಿಸಿ ಒಂದಿಷ್ಟನ್ನು ಬಾಯಿಗೆ ತೆಗೆದುಕೊಂಡಿತು.

"ಮುಂಗುಸಿ ಕೋಸಂಬ್ರಿ ತಿನ್ನೋದ್ನ ಇದೇ ಮೊದ್ಲು ಕಾಣ್ತಿರೋದು" ಎಂದ ತಿಪ್ಪಯ್ಯ.

"ನೀನು ಸೋಮ್ವಾರನೂ ಇಷ್ಟು ನೇಮದಾಗೆ ಇರಲ್ಲ. ನೋಡಿ ಕಲಿ" ಎಂದಳು ಅವನ ಹೆಂಡತಿ.

ಬಸವಲಿಂಗಮ್ಮ ನಕ್ಕರು. "ಮನೆ ಗುಣ ಕಣಮ್ಮ. ಆ ಸಾಹೇಬ್ರ ಬಂಗ್ಲೇಲಿ ಏನ್ ತಿಂತಿತ್ತೋ ಏನೋ. ಇಲ್ಲಿಗೆ ಬಂದ್ಮೇಲೆ ಒಂದಿನ ಅದುನ್ನ ಕೇಳಿಲ್ಲ."

'ಅದು' ಎಂದರೆ ಮಾಂಸ. ಆ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಹೊರಗಿನವರೂ ಅವರ ಬಾಗಿಲಲ್ಲಿ ನಿಂತು ಆಡುತ್ತಿರಲಿಲ್ಲ.

ಬಾವಿಯ ಬಳಿ ಗೋಣಿಚೀಲ ಒದ್ದೆ ಮಾಡುತ್ತಿದ್ದ ಸೊಸೆ ಉಮಾಮಹೇಶ್ವರಿ ಈ ಮಾತಿಗೆ ತಲೆ ಎತ್ತಲಿಲ್ಲ. ಬಿಸಿಲಿಗೆ ಪ್ರಾಣಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಗೂಡಿನ ಸುತ್ತ ಒದ್ದೆ ಗೋಣಿ ಕಟ್ಟುವುದು ಅವಳ ಕೆಲಸ. ನೋಡಲು ಬಂದವರು ಹೋದ ಮೇಲೆ ಗೂಡು ಬಳಿಯುವುದೂ ಅವಳದೇ.

ಅವು ಮುಂಗುಸಿಗಳಲ್ಲ. ಫೆರೆಟ್ ಎಂದು ಅವುಗಳ ಹೆಸರು. ಕುಣಿಗಲ್ ಕೆರೆಯ ಆಚೆ ಖಾಸಗಿಯವರೊಬ್ಬರ ಕುದುರೆ ಲಾಯದಲ್ಲಿ ತರಬೇತಿ ಕೊಡುತ್ತಿದ್ದ ಇಂಗ್ಲಿಷ್ ಸಾಹೇಬರು ತಮ್ಮ ಊರಿನಿಂದ ತಂದು ಸಾಕಿದ್ದ ಜೋಡಿ. ಆ ಬೇಸಿಗೆ, 1979ರಲ್ಲಿ, ಸಾಹೇಬರು ಆಪರೇಷನ್‌ಗೆಂದು ಊರಿಗೆ ಹೊರಟರು. ಲಾಯದ ಮೇವಿನ ಉಗ್ರಾಣ ನೋಡಿಕೊಳ್ಳುತ್ತಿದ್ದ ಬಸವಲಿಂಗಮ್ಮನವರ ಮಗ ಪರಮಶಿವಯ್ಯ ನಂಬಿಕೆಯ ಮನುಷ್ಯ ಎಂದು ಪ್ರಾಣಿಗಳನ್ನು ಅವನ ಮನೆಗೆ ಕಳಿಸಿದರು. ಹೆಣ್ಣು ಬಸುರಿಯಾಗಿತ್ತು. ಬಂದೊಡನೆ ಮರಿಗಳನ್ನು ನೋಡಬೇಕು ಎಂದು ಸಾಹೇಬರು ಪರಮಶಿವಯ್ಯನ ಕೈ ಹಿಡಿದು ಹೇಳಿದ್ದರು.

ಗೂಡುಗಳನ್ನು ಗಾಡಿಯಲ್ಲಿ ತಂದಿಳಿಸಿದವನು ಸಾಹೇಬರ ಅಡುಗೆಯ ಏಜಾಜ್ ಅಹಮದ್. ಅವನೂ ರಜೆಯ ಮೇಲೆ ಅದೇ ದಿನ ಬೊಂಬಾಯಿಗೆ ಹೊರಟಿದ್ದ. ಜಗಲಿಯ ಕೆಳಗೇ ನಿಂತು ಬಸವಲಿಂಗಮ್ಮನವರಿಗೆ ಹೇಳಿದ್ದ: "ಹಸೀದೇ ಕೊಡ್ಬೇಕು ಅಮ್ಮಾ. ಬೇಯ್ಸಿದ್ದು ಆಗಲ್ಲ. ತಾಜಾ ಇರ್ಬೇಕು. ನಿಮ್ಗೆ ಗೊತ್ತಲ್ಲ."

ಬಸವಲಿಂಗಮ್ಮನವರಿಗೆ ಗೊತ್ತಿತ್ತು. ಹಸೀದು ಅಂದರೆ ಕೋಸಂಬರಿ. ಹಸೀದು ಅಂದರೆ ಸೌತೆಕಾಯಿ, ಗಜ್ಜರಿ, ತೆಂಗಿನ ತುರಿ. ಲಿಂಗಕ್ಕೆ ತೋರಿಸಿ ಮೊದಲ ಎಲೆಯನ್ನು ಗೂಡಿಗೆ ಇಡುವುದನ್ನು ಅಂದೇ ಶುರು ಮಾಡಿದರು. ಪ್ರಾಣಿಗಳು ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ಮುಟ್ಟಿದವು. ಸುದ್ದಿ ಬೀದಿಗೆ ಹಬ್ಬಿತು.

ಉಮಾಮಹೇಶ್ವರಿಗೆ ಮೊದಲು ಹೇಸಿಗೆಯಾದದ್ದು ವಾಸನೆಗೆ. ಹಳೆಯ ಎಣ್ಣೆಯ ಜಿಡ್ಡು, ಉಚ್ಚೆ, ಒದ್ದೆ ಚರ್ಮ ಎಲ್ಲ ಸೇರಿದಂಥ ವಾಸನೆ. ಅದು ಒಣಹಾಕಿದ ಸೀರೆಗೆ ಹತ್ತುತ್ತಿತ್ತು, ಕೂದಲಿಗೆ ಹತ್ತುತ್ತಿತ್ತು. ಅದಕ್ಕೆ ಅವಳು ಹೊಂದಿಕೊಂಡಳು. ಹೊಂದಿಕೊಳ್ಳಲಾಗದ್ದು ಗೂಡಿನ ಮೂಲೆಯಲ್ಲಿ ಬೀಳುತ್ತಿದ್ದ ಹಸಿರು ಲೋಳೆ. ಅದರಲ್ಲಿ ಬೇಳೆ ಹೋದ ಹಾಗೆಯೇ ಹೊರಬಂದಿರುತ್ತಿತ್ತು. ಸಾಸಿವೆ ಕಾಳು, ತೆಂಗಿನ ತುರಿ ಕೂಡ ಗುರುತು ಸಿಗುತ್ತಿದ್ದವು. ಅವಳು ಬೂದಿ ಸುರಿದು, ತೆಂಗಿನ ಗರಿಯ ಚೂರಿನಿಂದ ಕೆರೆದು ತಿಪ್ಪೆಗೆ ಹಾಕಿ ಬರುವಳು. ಊಟಕ್ಕೆ ಕೂತರೆ ಎಲೆಯ ತುದಿಯಲ್ಲಿ ಅತ್ತೆ ಬಡಿಸಿದ ಕೋಸಂಬರಿ. ಅವಳು ಅದನ್ನು ಎಲೆಯ ಅಡಿಗೆ ಸರಿಸುವಳು.

ಗಂಡು ಸೊರಗಿತು. ಬಾಲದ ಬುಡದಲ್ಲಿ ಕೂದಲು ಉದುರಿ ತೊಗಲು ಕಂಡಿತು. ಹೆಣ್ಣಿಗೆ ಹೊಟ್ಟೆ ಬಿಟ್ಟರೆ ಮೈಯೆಲ್ಲ ಎಲುಬು.

"ಇದುಕ್ಕೆ ಊಟ ಹಿಡೀತಿಲ್ಲ ಕಣ್ರೀ" ಎಂದಳು ಗಂಡನಿಗೆ.

ಪರಮಶಿವಯ್ಯ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಯೋಚಿಸಿದ. ಯಾವ ಕುದುರೆಗೆ ಎಷ್ಟು ಓಟ್ಸ್, ಎಷ್ಟು ತೌಡು, ಈದ ಕುದುರೆಗೆ ಏನು ಕೂಡಿಸಬೇಕು ಎಂಬುದು ಅವನಿಗೆ ಬಾಯಿಪಾಠ. "ಬಲ ಸಾಲ್ದು" ಎಂದ. "ಹುರುಳಿ ನೆನ್ಸಿ ಕೊಡು. ಹುರುಳಿ ತಿಂದ್ರೆ ರೇಸ್ ಕುದ್ರೆನೇ ನಿಂತ್ಕಂತದೆ."

ಹುರುಳಿಯೂ ಹೋದ ಹಾಗೆ ಹೊರಬಂತು. ಆಮೇಲೆ ಬಾಳೆಹಣ್ಣು, ಆಮೇಲೆ ಹಾಲಿಗೆ ಬ್ರೆಡ್ಡು, ಆಮೇಲೆ ಹಾರ್ಲಿಕ್ಸ್. ಒಂದೊಂದಕ್ಕೂ ಲೋಳೆಯ ಬಣ್ಣ ಬದಲಾಯಿತು, ಅಷ್ಟೆ.

"ನಿಮ್ ಉಗ್ರಾಣದಾಗೆ ಇಲಿ ಹಿಡಿಯಾಕೆ ಇವನ್ನೇ ಬಿಡ್ತಿದ್ರು ಅಂತಿದ್ರಿ?"

"ಹಿಡೀತಿದ್ವು."

"ಹಿಡ್ದು ಏನ್ ಮಾಡ್ತಿದ್ವು?"

ಪರಮಶಿವಯ್ಯ ಎದ್ದು ಪಂಚೆ ಕೊಡವಿದ. "ಹಿಡಿಯೋದು ಅದರ ಡ್ಯೂಟಿ. ತಿನ್ನೋದ್ ನಾನ್ ನಿಂತ್ ನೋಡಿದೀನಾ? ಏಜಾಜ್ ಹೇಳಿದ್ದು ಹಸೀದು ಅಂತ ತಾನೆ? ಹಸೀದೇ ಕೊಡ್ತಿದೀವಿ. ಬುಡು ಅತ್ಲಾಗೆ."

ಒಂದು ಬೆಳಗ್ಗೆ ಹುಲ್ಲಿನ ಮರೆಯಲ್ಲಿ ಮರಿಗಳು ಬಿದ್ದಿದ್ದವು. ಏಳು. ಬೆರಳುದ್ದದ, ಕಣ್ಣು ಬಿಡದ, ಬೇಯಿಸಿ ಸಿಪ್ಪೆ ಸುಲಿದಂತಿದ್ದ ಜೀವಗಳು. ನೋಡಲು ಅಸಹ್ಯವೇ. ಆದರೆ ಅವು ಗುಬ್ಬಿಮರಿಯಂಥ ದನಿಯಲ್ಲಿ ಕಿಚಗುಟ್ಟಿದಾಗ ಉಮಾಮಹೇಶ್ವರಿ ಮೂಗಿಗೆ ಹಿಡಿದಿದ್ದ ಸೆರಗನ್ನು ಬಿಟ್ಟಳು. ಬಸವಲಿಂಗಮ್ಮ ಬೀದಿಗೆಲ್ಲ ಸಕ್ಕರೆ ಹಂಚಿಸಿದರು. ಹುಟ್ಟಿನಿಂದಲೇ ಪ್ರಸಾದ ತಿಂದು ಬೆಳೆಯುವ ಮರಿಗಳು ಎಂದರು.

ಮಾರನೆಯ ದಿನ ಐದಿದ್ದವು.

"ಬೆಕ್ಕು ಬಂದಿರ್ಬೇಕು" ಎಂದರು ಬಸವಲಿಂಗಮ್ಮ.

"ಅಗಳಿ ಹಾಕ್ದಂಗೇ ಐತಲ್ಲ ಅತ್ತೆ."

"ಹಂಗಾರೆ ಹಾವು."

ಅವಳು ಮಧ್ಯಾಹ್ನ ಗೋಣಿಗೆ ನೀರು ಚಿಮುಕಿಸಲು ಹೋದಾಗ ತಾಯಿ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡಿತ್ತು. ಜಾಗ ಬದಲಾಯಿಸುತ್ತಿದೆ, ಬೆಕ್ಕಿನ ಹಾಗೆ, ಎಂದುಕೊಂಡಳು. ತಾಯಿ ಎಲ್ಲಿಗೂ ಹೋಗಲಿಲ್ಲ. ಮೂಲೆಯಲ್ಲಿ ಕೂತು ಮರಿಯನ್ನು ಮುಂಗಾಲಿನ ನಡುವೆ ಇಟ್ಟುಕೊಂಡು ತಲೆಯ ಕಡೆಯಿಂದ ತಿನ್ನತೊಡಗಿತು. ಎಳೆಯ ಎಲುಬು ಹಸಿ ಕಡಲೆಕಾಯಿ ಒಡೆದಂತೆ ಚಟಕ್ಕೆಂದಿತು. ಮರಿಯ ಹಿಂಗಾಲು ಇನ್ನೂ ಆಡುತ್ತಿತ್ತು. ಪಕ್ಕದಲ್ಲಿ ಬೆಳಗಿನ ಎಲೆ ಇತ್ತು. ಅದರ ಕೋಸಂಬರಿಗೆ ನೊಣ ಮುತ್ತಿದ್ದವು.

ಉಮಾಮಹೇಶ್ವರಿ ಬಾವಿಕಟ್ಟೆ ಹಿಡಿದು ಬೆಳಗಿನಿಂದ ತಿಂದದ್ದನ್ನೆಲ್ಲ ಕಾರಿಕೊಂಡಳು.

ಸದ್ದಿಗೆ ಬಸವಲಿಂಗಮ್ಮ ಬಂದರು, ಊಟಕ್ಕೆ ಮನೆಗೆ ಬಂದಿದ್ದ ಪರಮಶಿವಯ್ಯನೂ ಬಂದ. ಗೂಡಿನೊಳಗೆ ಉಳಿದಿದ್ದ ಬಾಲದ ತುಂಡನ್ನು ಮೂವರೂ ನೋಡಿದರು.

"ಥೂ! ಎಂಥ ಜಲ್ಮವಪ್ಪ ಇದು" ಎಂದರು ಬಸವಲಿಂಗಮ್ಮ. ಅವರ ಮುಖ ಕಿವುಚಿಕೊಂಡಿತು. "ಪ್ರಸಾದ ಉಂಡ ಬಾಯಲ್ಲಿ! ಹೆತ್ತಿದ್ದನ್ನೇ! ನಾಳೆ ಬೆಳಗಾಗ್ಲಿ, ಗೋಣೀಲಿ ತುಂಬಿ ಕೆರೆ ಏರಿಯಾಚೆ ಬಿಸಾಕಿ ಬಾ ಶಿವಯ್ಯ. ಮರೀನೂ ಸೇರ್ಸಿ."

"ಸಾಹೇಬ್ರು ಕೇಳಿದ್ರೆ?"

"ಸತ್ತೋದ್ವು ಅನ್ನು. ನಾಳೆ ಹೊತ್ತಿಗೆ ಅದೂ ನಿಜಾನೇ ಆಗಿರ್ತದೆ."

"ಹಸ್ಕೊಂಡು ತಿಂತು ಅತ್ತೆ" ಎಂದಳು ಉಮಾಮಹೇಶ್ವರಿ, ಬಾಯಿ ಒರೆಸಿಕೊಳ್ಳುತ್ತ. "ಅದುಕ್ಕೆ ಬೇಕಾಗಿದ್ದು ನಾವ್ ಕೊಡ್ಲಿಲ್ಲ."

"ಏನ್ ಕೊಡ್ಬೇಕಿತ್ತು? ಹೇಳೇ, ಏನ್ ಕೊಡ್ಬೇಕಿತ್ತು, ನಿನ್ ಬಾಯಲ್ಲೇ ಹೇಳು!"

ಅವಳು ಗಂಡನ ಕಡೆ ನೋಡಿದಳು. ಪರಮಶಿವಯ್ಯ ಅಂಗಿಯೊಳಗಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡ. "ನನ್ನ ನೋಡ್ಬೇಡ. ಸಂತೇಲಿ ಎಲ್ರೂ ನನ್ನ ಬಲ್ಲೋರು. ಆ ಅಂಗ್ಡಿ ಮುಂದೆ ನಾನ್ ಹೆಂಗೆ ನಿಂತ್ಕಳ್ಳಿ?"

ಗೂಡಿನಲ್ಲಿ ಇನ್ನು ನಾಲ್ಕಿದ್ದವು.

ಏಜಾಜನ ಅಕ್ಕ ಖುರ್ಷಿದಾ ಬೇಗಂ ಉಮಾಮಹೇಶ್ವರಿಯ ರವಿಕೆ ಹೊಲಿಯುವವಳು. ಅವಳ ಗಂಡ ಅಬ್ದುಲ್ ರಶೀದನ ಮಾಂಸದ ಅಂಗಡಿ ಮನೆಗೆ ಹೊಂದಿಕೊಂಡೇ ಇತ್ತು. ಉಮಾಮಹೇಶ್ವರಿ ಯಾವಾಗಲೂ ಹಿಂದಿನ ಗಲ್ಲಿಯಿಂದ ಹೋಗಿ, ಅಳತೆಯ ರವಿಕೆ ಕೊಟ್ಟು, ಬಾಗಿಲಿನಿಂದಲೇ ಬರುತ್ತಿದ್ದಳು. ಅಂದು ಬರಿಗೈಯಲ್ಲಿ ಹೋಗಿ ಒಳಗೆ ನಿಂತಳು. ಖುರ್ಷಿದಾ ಹೊಲಿಗೆ ಯಂತ್ರದಿಂದ ಕಾಲು ತೆಗೆದಳು.

"ಏನ್ ಐನೋರಮ್ಮ, ಮುಖ ಬಿಳಚ್ಕೊಂಡಿದೆ? ವಿಶೇಷಾನಾ?"

"ನಿನ್ ತಮ್ಮ ನಮ್ಮನೆಗೆ ಬಿಟ್ಟ ಪ್ರಾಣಿಗೆ ಏನ್ ತಿನ್ಸು ಅಂದಿದ್ದ?"

"ಅಲ್ಲಿ ಬಂಗ್ಲೆಗೆ ನಮ್ ಅಂಗ್ಡಿಯಿಂದಾನೇ ಹೋಗ್ತಿತ್ತಲ್ಲ. ಕೋಳಿ ಕುತ್ಗೆ, ಈಲಿ, ಗುಂಡ್ಗೆ. ನೀವು ಯಾರ್ ಕೈಲಾದ್ರೂ ತರಿಸ್ತೀರಿ ಅಂತ ನಾವೂ ಕಾದ್ವಿ. ಯಾಕೆ, ಹೇಳ್ಲಿಲ್ವಾ ಅವ್ನು?"

"ಹಸೀದು ಅಂದ."

"ಹಾಂ, ಹಸೀದೇ."

"ನಮ್ಮತ್ತೆ ಕೋಸಂಬ್ರಿ ಹಾಕಿದ್ರು."

ಖುರ್ಷಿದಾ ದುಪಟ್ಟಾ ಬಾಯಿಗೆ ತುರುಕಿಕೊಂಡು ನಕ್ಕಳು; ಉಮಾಮಹೇಶ್ವರಿ ಮರಿಗಳ ಸಂಗತಿ ಹೇಳಿದಾಗ ನಗು ನಿಂತಿತು. "ಯಾ ಅಲ್ಲಾ. ಅವ್ನಾದ್ರೂ ಏನ್ ಮಾಡ್ತಾನೆ ಅಕ್ಕ? ನಿಮ್ ಬಾಗ್ಲಲ್ಲಿ ನಿಂತು, ನಿಮ್ಮತ್ತೆ ಎದ್ರುಗೆ ಬಾಡು ಅಂತ ಹೆಂಗ್ ಅಂತಾನೆ? ಮರ್ಯಾದೆ ಇರೋ ಹುಡ್ಗ."

ಒಳಬಾಗಿಲಲ್ಲಿ ರಶೀದ್ ಕಾಣಿಸಿಕೊಂಡ. ವಿಷಯ ಕೇಳಿ ತಲೆ ಕೆರೆದುಕೊಂಡ. "ನಿಮ್ ಕೈಗೆ ಕೊಡಕ್ಕೆ ನನ್ಗೇ ಮನ್ಸಾಗಲ್ಲಮ್ಮ. ನಾಳೆ ನಿಮ್ಮೋರು ಬಂದು, ಸಾಬಿ ನಮ್ಮ ಹೆಣ್ಮಗಳಿಗೆ ಇದುನ್ನ ಹೊರಿಸ್ದ ಅಂತಾರೆ. ಖುರ್ಷಿದಾ ತಂದ್ಕೊಡ್ಲಿ."

"ಅವ್ಳು ನಮ್ ಹಿತ್ಲಿಗೆ ಬಂದ್ರೆ ಅತ್ತೆ ಸುಮ್ನಿರ್ತಾರಾ? ನೀವ್ ಕಟ್ಕೊಡಿ."

ಅವನು ಬಾಳೆ ಎಲೆಯಲ್ಲಿ ಕಟ್ಟಿ, ಮೇಲೆ ಮತ್ತೊಂದು ಎಲೆ ಸುತ್ತಿ, ದಾರ ಹಾಕಿ ಹೆಂಡತಿಯ ಕೈಗಿತ್ತ. ಹೊರಗಿನಿಂದ ನೋಡಿದರೆ ಹೂವಿನ ಪೊಟ್ಟಣ. ಖುರ್ಷಿದಾ ಅದನ್ನು ತೋಳು ಚಾಚಿ ದೂರ ಹಿಡಿದಿದ್ದಳು.

"ನಂಗೂ ಆಗಲ್ಲ ಈ ವಾಸ್ನೆ" ಎಂದಳು ಮೆಲ್ಲಗೆ. "ಮದ್ವೆಯಾಗಿ ಇಷ್ಟ್ ವರ್ಷ ಆಯ್ತು. ಇವ್ರು ಸ್ನಾನ ಮಾಡ್ದೆ ಹತ್ರ ಬಂದ್ರೆ ಈಗ್ಲೂ ಹೊಟ್ಟೆ ತೊಳ್ಸತ್ತೆ. ಯಾರ್ಗೂ ಹೇಳ್ಬೇಡಿ. ಉಸ್ರು ಬಾಯಲ್ಲಿ ಎಳ್ಕೊಳಿ, ಮೂಗಲ್ಲಿ ಬೇಡ."

ಪೊಟ್ಟಣ ಬೆಚ್ಚಗಿತ್ತು. ಉಮಾಮಹೇಶ್ವರಿ ಅದನ್ನು ನಿರೀಕ್ಷಿಸಿರಲಿಲ್ಲ. ತಣ್ಣಗಿರುತ್ತದೆ ಎಂದುಕೊಂಡಿದ್ದಳು. ಗಲ್ಲಿಯ ಉದ್ದಕ್ಕೂ ಬಾಯಲ್ಲಿ ಉಸಿರಾಡುತ್ತ ನಡೆದಳು. ಎಲೆಯ ಮಡಿಕೆಯಿಂದ ತೆಳ್ಳಗೆ ಏನೋ ಇಳಿದು ಬೆರಳ ಸಂದಿಗೆ ಬಂತು. ಎದುರು ಸಿಕ್ಕ ತಿಪ್ಪಯ್ಯನ ಹೆಂಡತಿ, "ಪೂಜೆಗಾ?" ಎಂದಳು. ಉಮಾಮಹೇಶ್ವರಿ ತಲೆಯಾಡಿಸಿದಳು.

ಹಿತ್ತಲ ಬಾಗಿಲಲ್ಲಿ ಬಸವಲಿಂಗಮ್ಮ ಅಡ್ಡ ನಿಂತಿದ್ದರು. ಪೊಟ್ಟಣ ನೋಡಿದರು, ಸೊಸೆಯ ಬೆರಳು ನೋಡಿದರು. ಎಲ್ಲವೂ ತಿಳಿಯಿತು.

"ಉಮಾ. ಕೊಳ್ಳಲ್ಲಿ ಲಿಂಗ ಐತೆ."

"ಐತೆ ಅತ್ತೆ."

"ಅದುನ್ನ ಒಳೀಕ್ ತಂದ್ರೆ ನೀನು ಒಲೆ ಮುಟ್ಟಂಗಿಲ್ಲ. ನನ್ ಎಲೆಗೆ ಬಡಿಸಂಗಿಲ್ಲ. ನಾನು ಇರೋಗಂಟ."

ಪರಮಶಿವಯ್ಯ ನಡುಮನೆಯ ಹೊಸಿಲ ಹಿಂದೆ ನಿಂತಿದ್ದ. ಲಾಯಕ್ಕೆ ಹೋಗುವ ಹೊತ್ತು ಮೀರಿತ್ತು, ಆದರೂ ಹೋಗಿರಲಿಲ್ಲ. ಗೂಡಿನ ಕಡೆಯಿಂದ ಕಿಚಕಿಚ ಸಣ್ಣಗೆ ಕೇಳುತ್ತಿತ್ತು. ತಾಯಿ ಮತ್ತೆ ಹುಲ್ಲು ಕೆದಕುತ್ತಿತ್ತು.

ಉಮಾಮಹೇಶ್ವರಿ ಒಂದು ಪಕ್ಕಕ್ಕೆ ಸರಿದು ಒಳಗೆ ಬಂದಳು. ಬಸವಲಿಂಗಮ್ಮ ಸೆರಗು ತಾಗದಂತೆ ಎಳೆದುಕೊಂಡು ಗೋಡೆಗೆ ಒತ್ತಿಕೊಂಡರು.

ಅವಳು ಪೂಜೆಗೆ ಲಿಂಗ ಹಿಡಿಯುವ ಎಡಗೈಯನ್ನು ಬಿಗಿಮುಷ್ಟಿ ಮಾಡಿ ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯೊಂದರಿಂದಲೇ ದಾರ ಕಿತ್ತು ಎಲೆ ಬಿಡಿಸಿದಳು. ಒಳಗಿದ್ದದ್ದು ಕಪ್ಪುಗೆಂಪು, ಹೊಳಪು, ಜಾರಿಕೆ. ಕತ್ತಿನ ತುಂಡಿನ ಮೇಲೆ ಬಿಳಿ ಪುಕ್ಕವೊಂದು ಅಂಟಿತ್ತು. ಎರಡು ಬೆರಳಲ್ಲಿ ಒಂದು ಚೂರು ಎತ್ತಿ ಗೂಡಿನೊಳಗೆ ಚಾಚಿದಳು.

ತಾಯಿ ಮೂಸಲಿಲ್ಲ, ಯೋಚಿಸಲಿಲ್ಲ. ಅವಳ ಬೆರಳಿನಿಂದಲೇ ಕಿತ್ತುಕೊಂಡಿತು. ಎಲುಬು ಒಡೆಯುವ ಸದ್ದು ಹಿತ್ತಲಿಗೆಲ್ಲ ಕೇಳಿಸಿತು. ಒಳಗೆ ಬಸವಲಿಂಗಮ್ಮ ಜೋರಾಗಿ ಪಂಚಾಕ್ಷರಿ ಹೇಳತೊಡಗಿದರು. ತಿಂದು ಮುಗಿಸಿ ಅದು ಅವಳ ಬೆರಳನ್ನು ನೆಕ್ಕಿತು, ಅರದಂಥ ನಾಲಿಗೆಯಿಂದ, ಉಗುರಿನ ಬುಡದವರೆಗೆ. ಅವಳ ಮೈಯೆಲ್ಲ ಜುಂ ಎಂದಿತು. ಎರಡನೆಯ ಚೂರು ಕೊಟ್ಟಳು. ಪಕ್ಕದ ಗೂಡಿನ ಗಂಡು ಕಂಬಿಗೆ ಮೈ ಉಜ್ಜಿ ಕಿರುಚುತ್ತಿತ್ತು, ಅದಕ್ಕೂ ಕೊಟ್ಟಳು. ಕೊನೆಗೆ ತಾಯಿ ಹುಲ್ಲಿನ ಮೇಲೆ ಒರಗಿತು. ಮರಿಗಳು ಒಂದರ ಮೇಲೊಂದು ತೆವಳಿ ಹೊಟ್ಟೆಗೆ ಹತ್ತಿಕೊಂಡವು. ಎಣಿಸಿದಳು. ನಾಲ್ಕೂ ಇದ್ದವು.

ಪರಮಶಿವಯ್ಯ ಬಾವಿಯಿಂದ ನೀರು ಸೇದಿಟ್ಟು ಲಾಯಕ್ಕೆ ಹೋದ. ಅವಳು ಸೀಗೆ, ಹುಣಸೆ, ಬೂದಿ ಹಾಕಿ ಬಲಗೈ ತಿಕ್ಕಿದಳು. ತಲೆಯ ಮೇಲೆ ನೀರು ಸುರಿದುಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಜಗಲಿಯ ಮೂಲೆಯಲ್ಲಿ, ಒದ್ದೆ ಸೀರೆಯಲ್ಲಿ, ಪೂಜೆಗೆ ಕೂತಳು. ಒಳಗಿನಿಂದ ಅತ್ತೆ ವಿಭೂತಿಯ ಗಟ್ಟಿ ಮತ್ತು ಪತ್ರೆಯ ತಟ್ಟೆಯನ್ನು ಹೊಸಿಲಿನಾಚೆ ತಳ್ಳಿ ಬಾಗಿಲು ಮುಂದೆ ಮಾಡಿಕೊಂಡರು. ಉಮಾಮಹೇಶ್ವರಿ ಎಡಗೈ ಬಿಚ್ಚಿದಳು. ಅಂಗೈಯಲ್ಲಿ ಉಗುರುಗಳು ಒತ್ತಿದ ಗುರುತು ಕೆಂಪಗೆ, ಸಾಲಾಗಿ ಹಾಗೇ ಇತ್ತು. ಲಿಂಗವನ್ನು ಅದರ ಮೇಲೆ ಇಟ್ಟುಕೊಂಡಳು. ಪತ್ರೆ ಏರಿಸಬೇಕಾದ ಬಲಗೈ ಸೆರಗಿನೊಳಗೇ ಇತ್ತು.