ಸಾಕ್ಷಿಯಲ್ಲಿ ಇಲ್ಲದ ಗುಡ್ಡಿ

ಯೆಶಾಯಪ್ಪನ ಬಾಯಲ್ಲಿ ಗುಡ್ಡಿಯ ಹೆಸರು ಬಂದದ್ದು ಒಂದೇ ಸಲ. ಅದೂ ದವಾಖಾನೆಯ ಮಂಚದ ಮೇಲೆ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ, ಹೆಂಡತಿಯ ಕೈ ಹಿಡಿದು ಅಳುತ್ತ. "ಆ ಹುಡುಗಿ ಗುಡ್ಡಿ ನನ್ನ ಒಳಗ ಸರಿಸಿ ತಾ ಅಂಚಿಗೆ ಕುಂತಳು, ದೀನಾ. ನಾ ಕುಂತಿದ್ದ ಜಾಗದಾಗ ಆಕಿ ಸತ್ತಾಳ," ಎಂದಿದ್ದ. ಆಮೇಲೆ ಕಾಲು ನೆಟ್ಟಗಾಗುತ್ತ ಬಂತು, ಮಾತು ಸೊಟ್ಟಗಾಗುತ್ತ ಹೋಯಿತು.

ಶಹಾಪುರದ ತಮ್ಮ ಸಭೆಯಲ್ಲಿ, ಭಾನುವಾರದ ಆರಾಧನೆಯ ನಡುವೆ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವವರು ಬನ್ನಿ ಎಂದು ಪಾಸ್ಟರ್ ಕರೆದಾಗ ಕೋಲೂರಿಕೊಂಡು ಮುಂದೆ ಹೋದವನು 'ಒಬ್ಬ ಹುಡುಗಿ ನನಗೆ ಜಾಗ ಬಿಟ್ಟುಕೊಟ್ಟಳು' ಎಂದ. ಸುರಪುರದ ಉಪವಾಸ ಕೂಟಕ್ಕೆ ಹೋಗುವಷ್ಟರಲ್ಲಿ ಹುಡುಗಿ ಇಲ್ಲವಾಗಿ 'ಯಾರೋ' ಮಾತ್ರ ಉಳಿಯಿತು. ಸುದ್ದಿ ಹಬ್ಬಿ ಯಾದಗಿರಿಯವರೂ ಕರೆಸಿದರು. ಅಲ್ಲಿ ಆ ಯಾರೋ ಕೂಡ ಮಾಯವಾಗಿ, 'ಕಾಣದ ಕೈಯೊಂದು ನನ್ನನ್ನು ಒಳಗೆ ಎಳೆಯಿತು' ಎಂದಾಯಿತು. ಜನ ಹಲ್ಲೆಲೂಯಾ ಎಂದರು. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ದೀನಮ್ಮನ ಕಿವಿ ಕಾದುಹೋದವು. ಪಕ್ಕದಲ್ಲಿದ್ದವಳು ಮೊಳಕೈಯಿಂದ ತಿವಿದು, "ಭಾಗ್ಯ ಮಾಡೀಯವ್ವಾ," ಎಂದಳು. ಆ ಮೊಳಕೈಯನ್ನು ಅಲ್ಲೇ ಹಿಡಿದು ತಿರುಚಬೇಕು ಅನ್ನಿಸಿತು ದೀನಮ್ಮನಿಗೆ. ಆಕೆಗೆ ದೀನಮ್ಮ ಎಂದು ಹೆಸರಿಟ್ಟವರು ಆಕೆಯ ಸಿಟ್ಟನ್ನು ನೋಡಿರಲಿಲ್ಲ.

ನಡೆದದ್ದು ಇಷ್ಟು. ಯೆಶಾಯಪ್ಪ ಭೀಮರಾಯನಗುಡಿಯ ಕಚೇರಿಯೊಂದರಲ್ಲಿ ಜವಾನ. ಗೋಗಿಯಲ್ಲಿ ಬಳಗದವರ ಮದುವೆಗೆ ಹೋಗಿ, ಹೊಟ್ಟೆ ತುಂಬ ಉಂಡು, ಸಂಜೆ ಶಹಾಪುರದ ಟಂಟಂ ಆಟೋ ಹತ್ತಿದ್ದ. ಎದುರುಮನೆಯ ಅಖ್ತರಬೇಗಂಳ ಮಗಳು ಗುಡ್ಡಿ ಗೋಗಿಯ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳಿ ಅದೇ ಗಾಡಿಗೆ ಬಂದಳು. ಅಂಚಿನಲ್ಲಿ ಒಂದು ಕಾಲು ಹೊರಗಿಟ್ಟು ಕುಳಿತಿದ್ದ ಯೆಶಾಯಪ್ಪ ತೂಕಡಿಸುತ್ತಿದ್ದ. ಹುಡುಗಿ ನೋಡಿದಳು, ಎದ್ದಳು, ಅವನನ್ನು ನಡುವೆ ಕೂಡಿಸಿ ತಾನು ಅಂಚಿಗೆ ಕುಳಿತಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹತ್ತಿ ತುಂಬಿದ ಲಾರಿಯೊಂದು ಟಂಟಂನ ಆ ಪಕ್ಕವನ್ನು ಉಜ್ಜಿಕೊಂಡು ಹೋಯಿತು. ಹುಡುಗಿ ರಸ್ತೆಯಲ್ಲೇ ತೀರಿಕೊಂಡಳು. ಯೆಶಾಯಪ್ಪನಿಗೆ ಕಾಲು ಮುರಿಯಿತು.

ಇದಿಷ್ಟೇ ಆಗಿದ್ದರೆ ದುಃಖ ಎಂದು ಅತ್ತು ಸುಮ್ಮನಿರಬಹುದಿತ್ತು. ಆದರೆ ಓಣಿಯ ಬಾಯಿ ಸುಮ್ಮನಿರಲಿಲ್ಲ. ಅಂಚಿಗೆ ಯಾಕೆ ಕುಳಿತಿದ್ದಳಂತೆ? ಕೈಯಲ್ಲಿ ಮೊಬೈಲು ಇತ್ತಂತೆ. ಗಾಳಿಗೆ ಕೂದಲು ಹಾರಿಸಿಕೊಂಡು ಯಾರ ಜೊತೆಗೋ ಮಾತಾಡುತ್ತಿದ್ದಳಂತೆ. ಒಳಗೆ ಕುಳಿತರೆ ಮಾತು ಕೇಳಿಸುತ್ತದೆ ಎಂದೇ ಅಂಚಿಗೆ ಹೋದಳಂತೆ. ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಸತ್ತ ಹುಡುಗಿಗೆ ಒಬ್ಬ ಗೆಣೆಯನನ್ನೂ ಹುಟ್ಟಿಸಿದರು. ಇದನ್ನೆಲ್ಲ ಕೇಳಿ ಕೇಳಿ ಅಖ್ತರಬೇಗಂ ತಾನೂ ನಂಬಿದಳು. ದೀನಮ್ಮ ಚಹಾ ಹಿಡಿದು ಹೋಗಿ ಪಕ್ಕದಲ್ಲಿ ಕುಳಿತಾಗೆಲ್ಲ ಆಕೆ ಗೋಡೆ ನೋಡುತ್ತ ಅದನ್ನೇ ಕೇಳುತ್ತಿದ್ದಳು. "ಅಂಚಿಗೆ ಯಾಕ ಕುಂತಳು ಈ ಹರಾಮಿ? ಎಷ್ಟು ಸಲ ಹೇಳಿದ್ದೆ ನಾ. ಒಳಗ ಕೂಡು, ಒಳಗ ಕೂಡು ಅಂತ." ಮಗಳನ್ನು ಬೈಯುತ್ತಲೇ ಅಳುತ್ತಿದ್ದಳು. ದೀನಮ್ಮ ಆಕೆಯ ಬೆನ್ನು ಸವರುತ್ತಿದ್ದಳು. ಬಾಯಿ ತುದಿಗೆ ಬಂದದ್ದನ್ನು ನುಂಗುತ್ತಿದ್ದಳು. ಹೇಳಬೇಕಾದವನು ಗಂಡ, ಅವನೇ ಹೇಳಲಿ ಎಂದುಕೊಂಡು ಮನೆಗೆ ಬರುತ್ತಿದ್ದಳು. ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದಳು.

ಇವತ್ತು ಮನೆಯಲ್ಲೇ ಕೃತಜ್ಞತಾ ಕೂಟ. ಬೇಡ ಎನ್ನುವ ಹಾಗಿರಲಿಲ್ಲ, ದವಾಖಾನೆಯಲ್ಲಿ ಹರಕೆ ಹೊತ್ತವಳು ದೀನಮ್ಮನೇ. ಗಂಡನನ್ನು ಉಳಿಸಿಕೊಡು ಕರ್ತನೇ, ಸಭೆಯನ್ನೆಲ್ಲ ಕರೆದು ನಿನಗೆ ಸ್ತೋತ್ರ ಸಲ್ಲಿಸುತ್ತೇನೆ ಎಂದಿದ್ದಳು. ಆತ ಉಳಿಸಿಕೊಟ್ಟ. ಅದರಲ್ಲಿ ಆಕೆಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೆ ದೇವರ ಮೇಲೂ ಆಕೆಗೆ ಒಂದು ಸಿಟ್ಟಿತ್ತು. ಇಬ್ಬರನ್ನೂ ಉಳಿಸುವುದಕ್ಕೆ ನಿನಗೇನಾಗಿತ್ತು ಎಂದು ಈರುಳ್ಳಿ ಹೆಚ್ಚುತ್ತ ಮುಂಜಾನೆಯಿಂದ ಕೇಳುತ್ತಲೇ ಇದ್ದಳು. ಅಂಗಳದಲ್ಲಿ ಶಾಮಿಯಾನ ಎದ್ದಿತು. ಮೈಕಿನವನು ಕಂಬಕ್ಕೆ ಲೌಡ್‌ಸ್ಪೀಕರ್ ಕಟ್ಟಿದ. ಅದರ ಬಾಯಿ ಸರಿಯಾಗಿ ಅಖ್ತರಬೇಗಂಳ ಬಾಗಿಲಿಗೆ ತಿರುಗಿತ್ತು.

"ಆ ಕಡಿ ತಿರುಗಸಪಾ ಅದನ್ನ," ಎಂದಳು ದೀನಮ್ಮ.

"ಆ ಕಡಿ ಗ್ವಾಡಿ ಅದರಿ ಅಮ್ಮಾ. ಗ್ವಾಡಿಗೆ ಸಾಕ್ಷಿ ಹೇಳ್ತೀರೇನು?" ಎಂದು ಅವನು ನಕ್ಕ.

ದೀನಮ್ಮ ನಗಲಿಲ್ಲ. ಒಳಗೆ ಹೋದಳು. ಯೆಶಾಯಪ್ಪ ಬಿಳಿ ಅಂಗಿ ತೊಟ್ಟು ಕನ್ನಡಿಯ ಮುಂದೆ ಮೀಸೆ ಬಾಚಿಕೊಳ್ಳುತ್ತಿದ್ದ.

"ಇವತ್ತರೆ ಗುಡ್ಡಿ ಹೆಸರು ಹೇಳ್ರಿ."

"ಸುಮ್ಮನಿರು. ಜನ ಬರೂ ಹೊತ್ತು."

"ಜನ ಬರ್ತಾರಂತನ ಹೇಳಾಕತ್ತೇನಿ."

ಆತ ಬಾಚಣಿಕೆ ಕೆಳಗಿಡಲಿಲ್ಲ. "ದೇವರಿಗೆ ಸಲ್ಲೂ ಮಹಿಮಿ ಮನಷ್ಯಾರಿಗೆ ಕೊಡಬಾರದು. ಆ ಹುಡುಗಿ ಕೈಯಾಗ ಏನಿತ್ತು? ನನ್ನ ಸರಿಸಿದಾಂವ ಆತನ."

"ಹೌದ್ರಿ, ಆತನ. ಯಾರ ಕೈಲೆ ಸರಿಸಿದ? ಎಲುಬು ಕೂಡಿಸಿದ ಡಾಕ್ಟರ ಹೆಸರು ಹೋದ ಹೋದ ಸಭಾದಾಗ ಹೇಳಿ ಬಂದೀರಿ. ಅದಕ್ಕ ದೇವರ ಮಹಿಮಿ ಏನೂ ಕಡಿಮಿ ಬಿದ್ದಿಲ್ಲ. ಗುಡ್ಡಿ ಹೆಸರು ಹೇಳಿದ್ರ ಬೀಳ್ತದೇನು?"

ಯೆಶಾಯಪ್ಪನ ಕೈ ನಿಂತಿತು. ಕನ್ನಡಿಯಲ್ಲೇ ಹೆಂಡತಿಯನ್ನು ನೋಡಿದ.

"ನಾ ನಿದ್ದಿ ಹೊಡಿಯಾಕತ್ತಿದ್ದೆ ಅಂತ ಹೇಳಬೇಕಾಗ್ತದ. ಮದವಿ ಊಟ ಉಂಡು ತೂಕಡಿಸಿದೆ, ಅದಕ್ಕ ಹುಡುಗಿ ಎದ್ದಳು, ಸತ್ತಳು ಅಂತ. ಆಮ್ಯಾಲ ಆಕಿ ಅವ್ವನ ಮಾರಿ ಹೆಂಗ ನೋಡಲಿ?"

"ಈಗ ಹೆಂಗ ನೋಡಾಕತ್ತೀರಿ?"

"ನೋಡಾಕತ್ತಿಲ್ಲ," ಎಂದ ಆತ.

ಅದು ನಿಜವೇ. ಕಾಲು ಕುಂಟುತ್ತಿದ್ದರೂ ಆತ ಎದುರುಮನೆ ತಪ್ಪಿಸಲು ಓಣಿಯ ಹಿಂದಿನಿಂದ ಸುತ್ತು ಹಾಕಿ ಕಚೇರಿಗೆ ಹೋಗುತ್ತಿದ್ದ. ದೀನಮ್ಮನಿಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಇಷ್ಟು ನಾಚಿಕೆ ಇದ್ದವನು ಯಾದಗಿರಿಯ ತನಕ ಹೋಗಿ ಕಾಣದ ಕೈ ಎಂದು ಯಾವ ಬಾಯಿಂದ ಹೇಳಿದ? ದೇವರ ಬೆನ್ನ ಹಿಂದೆ ಅಡಗಿ ಕೂಡುವುದಕ್ಕೆ ಇವನು ವಿಶ್ವಾಸ ಎಂಬ ಹೆಸರು ಬೇರೆ ಇಟ್ಟಿದ್ದಾನೆ.

ಜನ ಬಂದರು. ಜಮಖಾನೆ ತುಂಬಿತು. ಹಾರ್ಮೋನಿಯಂ, ಢೋಲಕ, ಚಪ್ಪಾಳೆ. ಪಾಸ್ಟರ್ ದೇವಸಹಾಯ ಒಳ್ಳೆಯ ಮನುಷ್ಯ. ಬೇರೆಯವರ ದುಃಖಕ್ಕೆ ಓಡಿ ಬರುತ್ತಾನೆ, ಆದರೆ ಓಡಿ ಬಂದು ತಾನೇ ಮಾತಾಡುತ್ತಾನೆ. ಕೀರ್ತನೆ ಓದಿ, ಎಲ್ಲ ಸಂದರ್ಭದಲ್ಲೂ ಸ್ತೋತ್ರ ಸಲ್ಲಿಸಬೇಕು ಎಂದು ವಿವರಿಸಿ, ಮೈಕನ್ನು ಯೆಶಾಯಪ್ಪನ ಕೈಗೆ ಕೊಟ್ಟ.

ಯೆಶಾಯಪ್ಪನಿಗೆ ಈಗ ರೂಢಿಯಾಗಿತ್ತು. ಎಲ್ಲಿ ದನಿ ಇಳಿಸಬೇಕು, ಎಲ್ಲಿ ನಿಲ್ಲಿಸಿ ಕಣ್ಣೊರೆಸಬೇಕು ಎಲ್ಲ ಗೊತ್ತಿತ್ತು. ಲಾರಿ ಬಂತು. ಸಾವು ಬಂತು. "ಆಗ ನೋಡ್ರಿ," ಎಂದ, "ಬಿಳಿ ಬಟ್ಟಿ ತೊಟ್ಟ ದೇವದೂತ ನನ್ನ ಭುಜ ಹಿಡದು ಒಳಗ ಕೂಡಿಸಿದ."

"ಬಿಳಿ ಬಟ್ಟಿ ಅಲ್ಲ," ಎಂದಳು ದೀನಮ್ಮ. ಕುಳಿತಲ್ಲಿಂದಲೇ ಹೇಳಿದಳು, ಆದರೂ ಎಲ್ಲರಿಗೂ ಕೇಳಿಸಿತು. ಢೋಲಕದವನ ಕೈ ಗಾಳಿಯಲ್ಲೇ ನಿಂತಿತು. "ಹಸಿರು ಚೂಡಿದಾರ. ಈದಿಗೆ ಹೊಲಿಸಿದ್ದು. ನಾನ ಹೋಗಿ ಬಟ್ಟಿ ಆರಿಸಿ ಕೊಟ್ಟಿದ್ದೆ."

ಎದ್ದು ಹೋದಳು. ಗಂಡನ ಕೈಯಿಂದ ಮೈಕು ಕಸಿಯುವ ಅಗತ್ಯ ಬೀಳಲಿಲ್ಲ, ಆತನ ಬೆರಳುಗಳೇ ಬಿಟ್ಟವು.

"ನನ್ನ ಗಂಡನ್ನ ದೇವರು ಉಳಿಸ್ಯಾನ, ಖರೇ ಅದ. ಗುಡ್ಡಿ ಕೈಲೆ ಉಳಿಸ್ಯಾನ. ಇವರು ಉಂಡು ತೂಕಡಿಸಾಕತ್ತಿದ್ರು, ಬೀಳ್ತಾರಂತ ಆಕಿ ಇವರನ್ನ ಒಳಗ ಕೂಡಿಸಿ ತಾ ಅಂಚಿಗೆ ಕುಂತಳು. ಮೊಬೈಲಿಲ್ಲ, ಯಾಂವನೂ ಇಲ್ಲ. ನಳದ ಕಟ್ಟಿ ಮ್ಯಾಲ ಆಕಿ ಹೆಸರು ಕೆಡಸಿದವ್ರು ಚಂದಂಗ ಕೇಳ್ರಿ."

ಆಮೆನ್ ಎನ್ನುವವರಿಲ್ಲ. ಪಾಸ್ಟರ್ ಹತ್ತಿರ ಬಂದು ಮೆಲ್ಲಗೆ, "ಅಕ್ಕಾ, ಕೂಡ್ರಿ. ಒಂದು ಹಾಡು ಹಾಡೂನು. ಕೂಟದ ಆತ್ಮ ಕೆಡ್ತದ," ಎಂದ.

"ಕೆಟ್ಟು ಭಾಳ ದಿನ ಆತ್ರಿ, ಅಯ್ಯನವರ. ದೇವರ ಹೆಸರು ಹೊಚ್ಚಿ ಒಂದು ಹುಡುಗಿನ್ನ ಮುಚ್ಚೀವಿ. ಆತಗ ಇಂಥಾ ಸ್ತೋತ್ರ ಬ್ಯಾಡಾಗ್ಯಾದ."

ಲೌಡ್‌ಸ್ಪೀಕರ್ ತನ್ನ ಕೆಲಸ ಮಾಡಿತ್ತು. ಎದುರಿನ ಬಾಗಿಲು ತೆರೆಯಿತು. ಅಖ್ತರಬೇಗಂ ತಲೆ ಮೇಲಿನ ಸೆರಗು ಸರಿಪಡಿಸಿಕೊಳ್ಳುತ್ತ ಓಣಿ ದಾಟಿ ಶಾಮಿಯಾನದೊಳಗೆ ಬಂದಳು. ಜಮಖಾನೆಯ ಮೇಲಿದ್ದವರು ಕಾಲು ಮಡಚಿಕೊಂಡು ದಾರಿ ಕೊಟ್ಟರು. ಆಕೆ ನೇರ ಯೆಶಾಯಪ್ಪನ ಮುಂದೆ ನಿಂತಳು.

"ಖರೇ ಏನ್ರಿ ಭಾಯಿ?"

ಆತ ತಲೆಯಾಡಿಸಿದ.

"ಬಾಯಿಲೆ ಹೇಳ್ರಿ. ಆಕಿ ಏನಂದಳು? ಆಕಿ ಅಂದಂಗ ಹೇಳ್ರಿ."

ಈ ಸಲ ಎಲ್ಲಿ ದನಿ ಇಳಿಸಬೇಕು ಎಂಬುದು ಯೆಶಾಯಪ್ಪನಿಗೆ ಗೊತ್ತಾಗಲಿಲ್ಲ. "ಕಾಕಾ, ಮದವಿ ಉಂಡೀರೋ ಮದವಿ ಮನಿನ ಉಂಡೀರೋ ಅಂದಳು. ನಕ್ಕಳು. ಏಳ್ರಿ, ಒಳಗ ಸರೀರಿ, ನಿಮ್ಮನ್ನ ರಸ್ತಾದ ಮ್ಯಾಲ ಬೀಳಿಸಿ ಹೋದ್ರ ಕಾಕಿ ನನ್ನ ಬಿಡ್ತಾಳೇನು ಅಂದಳು. ಅಷ್ಟ. ಆಮ್ಯಾಲ ನಾ ಮತ್ತ ಮಲಗಿಬಿಟ್ಟೆ. ಅವ್ವಾ, ನಾ ಮತ್ತ ಮಲಗಿಬಿಟ್ಟೆ."

ಹೇಳುತ್ತ ಹೇಳುತ್ತ ಆತ ಕುಸಿದು ಕುಳಿತ. ಅಖ್ತರಬೇಗಂ ಆತನನ್ನು ನೋಡುತ್ತ ನಿಂತಳು. ಮಗಳ ಮಾತನ್ನು ತುಟಿಯೊಳಗೇ ಒಮ್ಮೆ ಆಡಿಕೊಂಡಳು. "ಹೌದು. ಹಂಗ ಮಾತಾಡ್ತಿದ್ದಳು," ಎಂದಳು. ಆಮೇಲೆ ಆತನ ತಲೆಯ ಮೇಲೆ ಕೈಯಿಟ್ಟಳು. "ನೀವು ಬದುಕ್ರಿ. ಬದುಕಲಿ ಅಂತನ ಸರಿಸ್ಯಾಳ."

ಆಯಿತು, ಮುಗಿಯಿತು, ಎಂದುಕೊಂಡಳು ದೀನಮ್ಮ. ಗೆಳತಿಯ ಕೈ ಹಿಡಿಯಲು ಮುಂದೆ ಬಂದಳು.

ಅಖ್ತರಬೇಗಂ ಕೈ ಹಿಂದಕ್ಕೆ ತೆಗೆದುಕೊಂಡಳು.

"ನಿನಗ ಯಾವಾಗ ಗೊತ್ತಾತು, ದೀನಮ್ಮ?"

ಸುಳ್ಳು ಹೇಳಬಹುದಿತ್ತು. ಮೈಕು ಇನ್ನೂ ಕೈಯಲ್ಲಿತ್ತು, ಜನ ಕಣ್ಣು ಬಿಟ್ಟು ನೋಡುತ್ತಿದ್ದರು. "ದವಾಖಾನ್ಯಾಗ," ಎಂದಳು ದೀನಮ್ಮ. "ಅವತ್ತ."

"ಇಂವ ಗಂಡಸು. ಅಂಜಿದ. ನನ್ನ ಮನಿಗೆ ಬರಲೂ ಇಲ್ಲ. ನೀ ದಿನಾ ಬಂದಿ. ಚಹಾ ತಂದಿ. ನನ್ನ ಮಗಳನ್ನ ನಾ ದಿನಾ ಬೈದೆ. ಮಣ್ಣಿಗೆ ಒಯ್ಯಾಕ ಜನಾಜಾ ಎತ್ತೂ ಹೊತ್ತಿನಾಗೂ ಬೈದೆ, ಹರಾಮಿ ಅಂದೆ. ನೀ ಬಾಜೂಕ ಕುಂತು ಕೇಳಿದಿ. ಬೆನ್ನು ಸವರಿದಿ." ಅಖ್ತರಬೇಗಂಳ ದನಿ ಏರಲೇ ಇಲ್ಲ. "ಬೈಬ್ಯಾಡ ಅಂತರೆ ಅನ್ನಬೇಕಿತ್ತಲ್ಲ ನೀ. ಅಷ್ಟರೆ ಅನ್ನಬೇಕಿತ್ತು."

ಗಂಡನ ಮೇಲೆ, ಪಾಸ್ಟರ್ ಮೇಲೆ, ನಳದ ಹೆಂಗಸರ ಮೇಲೆ, ದೇವರ ಮೇಲೆ ಇಷ್ಟು ದಿನ ಹರಿದ ಸಿಟ್ಟೆಲ್ಲ ಒಮ್ಮೆಲೇ ದೀನಮ್ಮನ ಕಡೆಗೇ ವಾಪಸು ತಿರುಗಿ ನಿಂತಿತು.

"ನನ್ನ ಮನಿಗೆ ಬರಬ್ಯಾಡ ಇನ್ನ," ಎಂದಳು ಅಖ್ತರಬೇಗಂ. ಬಂದ ದಾರಿಯಲ್ಲೇ ಹೋದಳು. ಅಗುಳಿ ಹಾಕಿದ ಸದ್ದು ಕೇಳಿಸಿತು.

ಒಳಗೆ ಅನ್ನ, ಕೋಳಿಸಾರು ತಣ್ಣಗಾಗುತ್ತಿದ್ದವು. ಪಾಸ್ಟರ್ ಮಾತು ಹುಡುಕಿದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಸಿಗಲಿಲ್ಲ. "ಅಕ್ಕಾ, ನೀವ ಪ್ರಾರ್ಥನಿ ಮಾಡ್ರಿ," ಎಂದ.

ದೀನಮ್ಮ ಕಣ್ಣು ಮುಚ್ಚಲಿಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತ ಹೇಳಿದಳು.

"ಕರ್ತನೇ, ಗುಡ್ಡಿನ್ನ ಕೊಟ್ಟಿದ್ದಕ್ಕ ನಿನಗ ಸ್ತೋತ್ರ. ಇವರನ್ನ ಉಳಿಸಿದ್ದಕ್ಕ ಸ್ತೋತ್ರ. ಆಕಿನ್ನ ಯಾಕ ಒಯ್ದಿ ಅಂತ ನಿನ್ನ ಮ್ಯಾಲ ನನಗ ಸಿಟ್ಟದ, ಬಾಯಿ ಯಾಕ ಮುಚ್ಚಿಕೊಂಡಿ ಅಂತ ನನ್ನ ಮ್ಯಾಲ ನಿನಗೂ ಇರಬೇಕು. ಇರಲಿ. ಆ ಬಾಗಲಾ ನನ್ನ ಕೈಲೆ ಇನ್ನ ತೆರಿಯಂಗಿಲ್ಲ. ನೀನ ತೆರಸಬೇಕು. ತೆರಸೂತನಾ ನಾ ಬಿಡಂಗಿಲ್ಲ."

ಆಮೆನ್ ಎಂದವನು ಯೆಶಾಯಪ್ಪ ಒಬ್ಬನೇ.